ಒಂದೇ ಥರ ಕೇಳುವ ಪದಗಳಿಂದ ವಾಕ್ಯ ಕಟ್ಟುವ ಆಟ: ಹಂತ ಹಂತದ ಮಾರ್ಗದರ್ಶಿ

ಈ ಆಟ ಬಹುತೇಕ ಒಂದೇ ಜಾಗದಲ್ಲಿ ಕೆಡುತ್ತದೆ. ‘ಹಾಲು’, ‘ಹಾಳು’ ಎಂದು ಎರಡು ಪದ ಕೊಟ್ಟು ವಾಕ್ಯ ಮಾಡಿ ಎಂದರೆ ‘ನಾನು ಹಾಲು ಕುಡಿದೆ ಮತ್ತು ಮನೆ ಹಾಳಾಗಿದೆ’ ಎನ್ನುತ್ತಾರೆ. ಎರಡು ತುಂಡು ವಾಕ್ಯ, ನಡುವೆ ಒಂದು ‘ಮತ್ತು’. ಹೀಗೆ ಎರಡು ಸುತ್ತು ಆಡುವಷ್ಟರಲ್ಲಿ ಎಲ್ಲರಿಗೂ ಬೇಜಾರು ಬಂದಿರುತ್ತದೆ.

‘ಕಾಯಿಸದೆ ಇಟ್ಟ ಹಾಲು ಹಾಳಾಯಿತು.’ ಇದು ಆಟ. ಇಲ್ಲಿ ಎರಡು ಪದವೂ ಒಂದೇ ಸಂಗತಿಯೊಳಗಿನವು, ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ. ಇಂಥ ವಾಕ್ಯ ಹೊಳೆಯುವುದಕ್ಕೆ ವಿಶೇಷ ಪ್ರತಿಭೆಯೇನೂ ಬೇಡ, ಕೆಲಸದ ಕ್ರಮ ಸರಿಯಿದ್ದರೆ ಸಾಕು. ಮೊದಲು ಯಾವ ಧ್ವನಿಯ ವ್ಯತ್ಯಾಸ ಎಂದು ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಜೋಡಿ ಆರಿಸಿ, ಆ ಪದಗಳು ಪ್ರತ್ಯಯ ಹತ್ತಿದಾಗ ಏನಾಗುತ್ತವೆ ಎಂದು ನೋಡಬೇಕು. ನಂತರ ಎರಡೂ ಕೂಡುವ ಸನ್ನಿವೇಶ ಹುಡುಕಬೇಕು. ವಾಕ್ಯ ಬರುವುದು ಕೊನೆಗೆ. ಹೆಚ್ಚಿನವರು ಕೊನೆಯದನ್ನೇ ಮೊದಲು ಮಾಡಲು ಹೋಗುತ್ತಾರೆ.

## ಬೇಕಾದ ಸಾಮಾನು

ನಾಲ್ಕರಿಂದ ಎಂಟು ಜನ. ಹತ್ತು ದಾಟಿದರೆ ತನ್ನ ಸರದಿ ಬರುವ ಹೊತ್ತಿಗೆ ಆಟಗಾರನ ಗಮನ ಬೇರೆಲ್ಲೋ ಇರುತ್ತದೆ, ಆಗ ಎರಡು ಗುಂಪು ಮಾಡಿ.

ಅಂಗೈಯಗಲದ 40 ರಟ್ಟಿನ ಚೀಟಿ. ಹಳೆಯ ಮದುವೆ ಕಾರ್ಡುಗಳ ಖಾಲಿ ಬೆನ್ನು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ತೆಳು ಕಾಗದದಲ್ಲಿ ಹಿಂಬದಿಯಿಂದ ಅಕ್ಷರ ಕಾಣುತ್ತದೆ, ಅದು ಬೇಡ. ದಪ್ಪ ಮೊನೆಯ ಪೆನ್ನಿನಲ್ಲಿ ಒಂದು ಚೀಟಿಗೆ ಒಂದೇ ಪದ ಬರೆಯಿರಿ. ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’ ದೂರದಿಂದಲೂ ಬೇರೆ ಬೇರೆಯಾಗಿ ಕಾಣಬೇಕು.

ಅರವತ್ತು ಸೆಕೆಂಡು ಎಣಿಸಲು ಫೋನಿನ ಟೈಮರ್ ಸಾಕು. ಗೆದ್ದ ವಾಕ್ಯಗಳನ್ನು ಬರೆದಿಡಲು ಒಂದು ನೋಟುಪುಸ್ತಕ ಇರಲಿ.

ಒಂದು ನಿಘಂಟೂ ಬೇಕು, ಆದರೆ ಅದರ ಕೈಗೆ ತೀರ್ಪು ಕೊಡಬೇಡಿ. ಕಿಟ್ಟೆಲ್ ಅವರ 1894ರ ನಿಘಂಟಿನಂಥದ್ದನ್ನು ಮುಂದಿಟ್ಟುಕೊಂಡರೆ ಇವತ್ತು ಯಾರ ಬಾಯಲ್ಲೂ ಇಲ್ಲದ ಹಳಗನ್ನಡ ಪದಗಳು ಆಟಕ್ಕೆ ನುಗ್ಗುತ್ತವೆ. ಗುಂಪಿನಲ್ಲಿ ಕನಿಷ್ಠ ಇಬ್ಬರಿಗೆ ಅರ್ಥ ಗೊತ್ತಿರುವ ಪದ ಮಾತ್ರ ಸಲ್ಲುತ್ತದೆ ಎಂಬ ನಿಯಮ ಇಟ್ಟುಕೊಳ್ಳಿ. ನಿಘಂಟು ಕಾಗುಣಿತದ ಜಗಳ ಬಿಡಿಸುವುದಕ್ಕೆ ಮಾತ್ರ.

## ಹಂತ 1: ಯಾವ ಧ್ವನಿ ಎಂದು ಮೊದಲು ಗೊತ್ತುಮಾಡಿ

‘ಮರ, ಬರ, ಸರ’ ಇವು ಪ್ರಾಸದ ಪದಗಳು. ಇವನ್ನು ಒಂದರ ಬದಲು ಇನ್ನೊಂದೆಂದು ಯಾರೂ ಕೇಳಿಸಿಕೊಳ್ಳುವುದಿಲ್ಲ, ಹಾಗಾಗಿ ಇವುಗಳಲ್ಲಿ ಬಿಗಿ ಇಲ್ಲ. ನಮಗೆ ಬೇಕಾದದ್ದು ಕಿವಿ ಒಂದು ಕ್ಷಣ ತಡವರಿಸುವಷ್ಟು ಹತ್ತಿರದ ಜೋಡಿ. ಕನ್ನಡದಲ್ಲಿ ಅಂಥ ಜೋಡಿಗಳು ಕೆಲವೇ ಬಗೆಯವು.

ಲ ಮತ್ತು ಳ. ಅತಿ ಹೆಚ್ಚು ಫಸಲು ಕೊಡುವ ಬಗೆ. ಹುಲಿ–ಹುಳಿ, ಕಾಲು–ಕಾಳು, ಬಲೆ–ಬಳೆ, ಬೆಲೆ–ಬೆಳೆ, ಎಲೆ–ಎಳೆ, ಕಲೆ–ಕಳೆ, ಗಾಲಿ–ಗಾಳಿ, ಇಲಿ–ಇಳಿ, ಹಲ್ಲಿ–ಹಳ್ಳಿ, ಕಲ್ಲು–ಕಳ್ಳು.

ಹ್ರಸ್ವ ಮತ್ತು ದೀರ್ಘ. ಬೆಳೆ–ಬೇಳೆ, ಕರು–ಕಾರು, ಒಲೆ–ಓಲೆ, ಹುಳು–ಹೂಳು, ಬಿಡು–ಬೀಡು, ಬಳೆ–ಬಾಳೆ.

ಬಿಡಿ ಅಕ್ಷರ ಮತ್ತು ಒತ್ತಕ್ಷರ. ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ, ಅಡಿ–ಅಡ್ಡಿ.

ನ ಮತ್ತು ಣ. ಅನ್ನ–ಅಣ್ಣ, ಕೋನ–ಕೋಣ, ಆನೆ–ಆಣೆ. ಸಂಖ್ಯೆ ಕಡಿಮೆ, ಆದರೆ ‘ಅಣ್ಣನಿಗೆ ಅನ್ನ ಬಡಿಸು’ ಎಂಬ ವಾಕ್ಯ ಮೊದಲ ಸಲ ಆಡುವ ಮಗುವಿಗೂ ಸಿಗುತ್ತದೆ.

ಸ್ವರ ಮತ್ತು ಹಕಾರ. ಅಕ್ಕಿ–ಹಕ್ಕಿ, ಆಡು–ಹಾಡು, ಉಳಿ–ಹುಳಿ, ಏಳು–ಹೇಳು, ಅತ್ತು–ಹತ್ತು. ಇದರ ತೊಡಕು ಮುಂದೆ ಬರುತ್ತದೆ.

ಒಂದೇ ರೂಪ, ಬೇರೆ ಅರ್ಥ. ಹತ್ತು, ಏಳು, ಆರು, ಎತ್ತು, ಬೇಡ, ಹೊಳೆ, ಹೊತ್ತು, ನೆನೆ, ಮುತ್ತು.

ಅಲ್ಪಪ್ರಾಣ–ಮಹಾಪ್ರಾಣದ ಜೋಡಿಗಳನ್ನೂ (ದನ–ಧನ), ಸ–ಶ ಜೋಡಿಗಳನ್ನೂ (ಸಾಲು–ಶಾಲು) ಬಾಯಿಮಾತಿನ ಆಟಕ್ಕೆ ಸೇರಿಸಬೇಡಿ. ದಿನದ ಮಾತಿನಲ್ಲಿ ಬಹಳ ಮಂದಿ ಈ ವ್ಯತ್ಯಾಸ ಮಾಡುವುದಿಲ್ಲ. ‘ದನವೇ ರೈತನ ಧನ’ ಕಾಗದದ ಮೇಲೆ ಚೆನ್ನ, ಕಿವಿಗೆ ಅದು ‘ದನವೇ ರೈತನ ದನ’. ಬರೆದು ಆಡುವ ಆಟಕ್ಕೆ ಇವನ್ನು ಬೇರೆ ಲಕೋಟೆಯಲ್ಲಿಡಿ.

40 ಚೀಟಿಗೆ 20 ಜೋಡಿ. ಲ–ಳ ಆರು, ಹ್ರಸ್ವ–ದೀರ್ಘ ನಾಲ್ಕು, ಒತ್ತಕ್ಷರ ನಾಲ್ಕು, ನ–ಣ ಎರಡು, ಒಂದೇ ರೂಪದವು ನಾಲ್ಕು. ಹಕಾರದ ಜೋಡಿ ಮೊದಲ ದಿನ ಬೇಡ. ಒಂದೇ ರೂಪದ ಪದಗಳಿಗೆ ಚೀಟಿಯ ಮೂಲೆಯಲ್ಲಿ ಪುಟ್ಟ ಚಿತ್ರ ಹಾಕಿ: ಒಂದು ‘ಎತ್ತು’ ಚೀಟಿಗೆ ಕೊಂಬು, ಇನ್ನೊಂದಕ್ಕೆ ಮೇಲೆ ನೋಡುವ ಬಾಣ. ಮಕ್ಕಳಿರುವ ಕಡೆ ‘ಹೇಳು’ ಪದದ ಲ–ಳ ಜೋಡಿಯನ್ನು ಪೆಟ್ಟಿಗೆಯಲ್ಲಿಡಬೇಡಿ. ಆ ಒಂದು ಚೀಟಿ ಬಂದರೆ ಉಳಿದ ಹೊತ್ತೆಲ್ಲ ಅದರ ನಗುವಿನಲ್ಲೇ ಮುಗಿಯುತ್ತದೆ.

## ಹಂತ 2: ನಾಲಿಗೆ ಸಿದ್ಧ ಮಾಡಿ

ಆಟಕ್ಕೆ ಮುಂಚೆ ಐದು ನಿಮಿಷ. ‘ಲ’ ಹೇಳುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಾಗುತ್ತದೆ. ‘ಳ’ ಹೇಳುವಾಗ ತುದಿ ಹಿಂದಕ್ಕೆ ಮಡಿಚಿ ಅಂಗುಳಿನ ಮೇಲ್ಭಾಗಕ್ಕೆ ತಾಗಬೇಕು. ‘ನ’, ‘ಣ’ಗಳಿಗೂ ಇದೇ ಲೆಕ್ಕ. ‘ಹುಲಿ, ಹುಳಿ, ಹುಲಿ, ಹುಳಿ’ ಎಂದು ನಿಧಾನವಾಗಿ ಹತ್ತು ಸಲ ಹೇಳಿಸಿ. ಕನ್ನಡ ಮನೆಮಾತಲ್ಲದ ಮಕ್ಕಳಿಗೂ ಹೊರದೇಶದಲ್ಲಿ ಬೆಳೆದ ಮಕ್ಕಳಿಗೂ ಇಲ್ಲೇ ಹೆಚ್ಚು ಕಷ್ಟ. ಅವರು ‘ಳ’ವನ್ನು ಹೆಚ್ಚಾಗಿ ‘ಲ’ ಮಾಡಿಬಿಡುತ್ತಾರೆ. ಅವರಿಗೆ ಮೊದಲು ಹ್ರಸ್ವ–ದೀರ್ಘದ ಜೋಡಿ ಕೊಡಿ.

ಹಕಾರದ ವಿಷಯ ಬೇರೆ. ಹಳೆ ಮೈಸೂರಿನ ಹಲವು ಕಡೆ ಆಡುಮಾತಿನಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹಕ್ಕಿ’ ‘ಅಕ್ಕಿ’ ಆಗುತ್ತದೆ. ಅದು ತಪ್ಪಲ್ಲ, ಅಲ್ಲಿನ ಮಾತಿನ ರೀತಿ. ಯಾರನ್ನಾದರೂ ಅದಕ್ಕಾಗಿ ತಿದ್ದಿದರೆ ಅವರು ಮತ್ತೆ ಬಾಯಿ ಬಿಡುವುದಿಲ್ಲ. ಗುಂಪಿನಲ್ಲಿ ಅಂಥವರಿದ್ದರೆ ಆ ಜೋಡಿಗಳನ್ನು ಬದಿಗಿಟ್ಟು ಆಡಿ.

## ಹಂತ 3: ಪ್ರತ್ಯಯ ಹಚ್ಚಿ ನೋಡಿ

ಎಲ್ಲರೂ ಹಾರಿಸುವ ಹಂತ ಇದು, ಆಟ ಗೆಲ್ಲುವುದೂ ಇಲ್ಲೇ. ಚೀಟಿಯಲ್ಲಿರುವ ಪದ ವಾಕ್ಯಕ್ಕೆ ಹಾಗೆಯೇ ಹೋಗುವುದಿಲ್ಲ. ವಿಭಕ್ತಿ ಹತ್ತುತ್ತದೆ, ಕಾಲ ಬದಲಾಗುತ್ತದೆ, ಪಕ್ಕದ ಪದದೊಂದಿಗೆ ಸಂಧಿಯಾಗುತ್ತದೆ. ಆಗಲೂ ಎರಡು ಪದಗಳು ಜೋಡಿಯಾಗಿ ಉಳಿಯುತ್ತವೆಯೇ?

‘ಏಳು–ಹೇಳು’ ತೆಗೆದುಕೊಳ್ಳಿ. ಭೂತಕಾಲಕ್ಕೆ ಹೋದರೆ ‘ಎದ್ದ’, ‘ಹೇಳಿದ’. ಜೋಡಿ ಮುರಿಯಿತು. ಹಾಗಾಗಿ ಈ ಜೋಡಿಯನ್ನು ಆಜ್ಞೆಯಲ್ಲೋ ವರ್ತಮಾನದಲ್ಲೋ ಭವಿಷ್ಯದಲ್ಲೋ ಮಾತ್ರ ಬಳಸಬೇಕು: ‘ಊಟ ಬಿಟ್ಟು ಏಳುವಾಗ ಹೇಳು.’ ಬೀಳು (ಬಿದ್ದ), ಕೀಳು (ಕಿತ್ತ), ಅಳು (ಅತ್ತ) ಇವೂ ಹೀಗೆಯೇ ಭೂತಕಾಲದಲ್ಲಿ ಪೂರ್ತಿ ರೂಪ ಬದಲಿಸುತ್ತವೆ.

ಒಂದು ಕಡೆ ಮುರಿಯುವುದು ಇನ್ನೊಂದು ಕಡೆ ಹುಟ್ಟುತ್ತದೆ. ‘ಅಳು’ವಿಗೂ ‘ಹತ್ತು’ವಿಗೂ ಸಂಬಂಧವಿಲ್ಲ, ಆದರೆ ‘ಅತ್ತು’ ಆದ ಕೂಡಲೇ ಜೋಡಿ ಸಿದ್ಧ: ‘ಮಗು ಅತ್ತು ಅತ್ತು ಹತ್ತು ನಿಮಿಷದಲ್ಲಿ ನಿದ್ದೆ ಹೋಯಿತು.’ ‘ಹೊರು’ ಎಂಬ ಕ್ರಿಯಾಪದ ‘ಹೊತ್ತು’ ಆದಾಗ: ‘ಹೊತ್ತು ಮೂಡುವ ಮೊದಲೇ ಹುಲ್ಲಿನ ಹೊರೆ ಹೊತ್ತು ಹೊರಟಳು.’ ‘ಕೊಡು’ ಎಂಬುದು ‘ಕೊಡಲಿ’ ಆದಾಗ: ‘ಒಯ್ದ ಕೊಡಲಿ ತಂದು ಕೊಡಲಿ.’

ಸಂಧಿಯ ಲೆಕ್ಕ ಹೀಗೆ. ಸಂಧಿ ಪದದ ಅಂಚನ್ನು ತಿನ್ನುತ್ತದೆ, ನಡುವನ್ನು ಮುಟ್ಟುವುದಿಲ್ಲ. ‘ಹಾಳು’ ಮತ್ತು ‘ಆಯಿತು’ ಸೇರಿ ‘ಹಾಳಾಯಿತು’ ಆದಾಗ ಕೊನೆಯ ಉಕಾರ ಹೋಯಿತು, ಆದರೆ ‘ಳ’ ಭದ್ರವಾಗಿ ಉಳಿಯಿತು. ಅಕ್ಕಿ–ಹಕ್ಕಿಯಲ್ಲಿ ವ್ಯತ್ಯಾಸ ಇರುವುದೇ ಪದದ ಮೊದಲಲ್ಲಿ. ‘ಚೀಲದಲ್ಲಿ ಅಕ್ಕಿ’ ಎಂಬುದು ಬಾಯಲ್ಲಿ ‘ಚೀಲದಲ್ಲಕ್ಕಿ’ ಆಗಿ ಮೊದಲಕ್ಷರ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಸ್ವರದಿಂದ ಶುರುವಾಗುವ ಪದವನ್ನು ವಾಕ್ಯದ ಮೊದಲಿಗೇ ಇಟ್ಟರೆ ಈ ಅಪಾಯವಿಲ್ಲ: ‘ಅಕ್ಕಿ ಒಣಹಾಕಿದರೆ ಹಕ್ಕಿ ಬಂದೇ ಬರುತ್ತದೆ.’

## ಹಂತ 4: ‘-ಗೆ’ ಆಟ ಕಲಿಯಿರಿ

ಚತುರ್ಥಿಯ ‘-ಗೆ’ ಪ್ರತ್ಯಯವೊಂದು ಕೈವಶವಾದರೆ ಹತ್ತಾರು ವಾಕ್ಯಗಳು ತಾವಾಗಿ ಬರುತ್ತವೆ. ‘ಕಾಡು’ ಎಂಬಂಥ ಉಕಾರಾಂತ ಪದ ‘ಕಾಡಿಗೆ’ ಆಗುತ್ತದೆ. ‘ಹೋಳಿ’ ಎಂಬಂಥ ಇಕಾರಾಂತ ಪದ ‘ಹೋಳಿಗೆ’ ಆಗುತ್ತದೆ. ಕನ್ನಡದಲ್ಲಿ ‘-ಇಗೆ’ ಎಂದು ಮುಗಿಯುವ ನಾಮಪದಗಳೂ ಹೇರಳ. ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ.

‘ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಕಾಡಿಗೆ ಹೋದಳು.’

‘ಹೋಳಿಗೆ ಹೋಳಿಗೆ ಮಾಡಿದರು.’

‘ಸುತ್ತಿಗೆಯ ಒಂದೇ ಪೆಟ್ಟಿಗೆ ಪೆಟ್ಟಿಗೆ ಒಡೆಯಿತು.’

‘ಅತ್ತಿಗೆ ದಿನಾ ಅತ್ತಿಗೆ ನೀರು ಹಾಕುತ್ತಾರೆ.’ ಎರಡನೆಯದು ಅತ್ತಿಮರ.

‘ಮುತ್ತಿಗೆ ಆಸೆಪಟ್ಟು ಕೋಟೆಗೆ ಮುತ್ತಿಗೆ ಹಾಕಿದರು.’

‘ಬಾಡಿಗೆ ದುಡ್ಡೆಲ್ಲ ಬಾಡಿಗೆ ಹೋಯಿತು.’ ಬಾಡು ಎಂದರೆ ಮಾಂಸ ಎಂದು ತಿಳಿದವರ ನಡುವೆ ಮಾತ್ರ ಇದು ನಡೆಯುತ್ತದೆ.

ನೀವೇ ಹುಡುಕುವ ಕ್ರಮ: ‘-ಇಗೆ’ ಎಂದು ಮುಗಿಯುವ ನಾಮಪದ ತೆಗೆದುಕೊಳ್ಳಿ, ಕೊನೆಯ ‘-ಇಗೆ’ ಕತ್ತರಿಸಿ, ಉಳಿದದ್ದಕ್ಕೆ ‘ಉ’ ಹಚ್ಚಿ ನೋಡಿ, ‘ಇ’ ಹಚ್ಚಿ ನೋಡಿ. ‘ಸುತ್ತಿಗೆ’ಯಿಂದ ‘ಸುತ್ತು’ ಬರುತ್ತದೆ, ಅಂದರೆ ‘ಎರಡನೇ ಸುತ್ತಿಗೆ ಸುತ್ತಿಗೆ ಬೇಕಾಯಿತು’ ಎನ್ನಬಹುದು. ‘ಮಲ್ಲಿಗೆ’ಯಿಂದ ‘ಮಲ್ಲಿ’. ‘ಇಟ್ಟಿಗೆ’ಯಿಂದ ಬರುವ ‘ಇಟ್ಟು’ ಕ್ರಿಯಾರೂಪ, ಅದಕ್ಕೆ ಚತುರ್ಥಿ ಹತ್ತುವುದಿಲ್ಲ, ಬಿಟ್ಟುಬಿಡಿ. ಅಕಾರಾಂತ ನಪುಂಸಕ ಪದಗಳಿಗೆ ‘-ಕ್ಕೆ’ ಬರುವುದರಿಂದ (ಮರಕ್ಕೆ, ಹೊಲಕ್ಕೆ) ಅವು ಈ ಆಟಕ್ಕೆ ಒದಗುವುದಿಲ್ಲ.

ಹೇಳುವಾಗ ಮೊದಲ ಪದದ ನಂತರ ಅರೆ ಉಸಿರು ನಿಲ್ಲಿಸಿ, ಎರಡನೆಯದನ್ನು ಕ್ರಿಯಾಪದಕ್ಕೆ ಅಂಟಿಸಿ: ‘ಹೋಳಿಗೆ… ಹೋಳಿಗೆಮಾಡಿದರು.’ ಒಂದೇ ಓಟಕ್ಕೆ ಹೇಳಿದರೆ ಕೇಳುವವರಿಗೆ ಹಬ್ಬ ಯಾವುದು, ತಿಂಡಿ ಯಾವುದು ಎಂದು ಗೊತ್ತಾಗುವುದಿಲ್ಲ. ಹಲ್ಲಿ ಮತ್ತು ಹಲ್ಲು ಎರಡಕ್ಕೂ ‘ಹಲ್ಲಿಗೆ’ ಎಂದೇ ರೂಪ. ಅಲ್ಲಿ ನಿಲುಗಡೆ ಸಾಲದು, ಪಕ್ಕದ ಪದ ನೆರವಾಗಬೇಕು: ‘ಗೋಡೆಯ ಹಲ್ಲಿಗೂ ಹಲ್ಲಿದೆ.’

## ಹಂತ 5: ಎರಡೂ ಇರುವ ಜಾಗ ಹುಡುಕಿ, ಆಮೇಲೆ ವಾಕ್ಯ

ಈಗಲೂ ವಾಕ್ಯಕ್ಕೆ ಕೈ ಹಾಕಬೇಡಿ. ‘ಈ ಎರಡೂ ವಸ್ತು ಎಲ್ಲಿ ಒಟ್ಟಿಗೆ ಇರುತ್ತವೆ?’ ಎಂದು ಕೇಳಿಕೊಳ್ಳಿ. ಅಡುಗೆಮನೆ, ಹೊಲ, ಸಂತೆ, ಬಸ್ ನಿಲ್ದಾಣ, ತರಗತಿ, ಮದುವೆ ಮನೆ ಈ ಆರು ಜಾಗಗಳನ್ನು ಒಂದೊಂದಾಗಿ ನೆನೆದರೆ ಬಹುತೇಕ ಜೋಡಿಗಳಿಗೆ ಒಂದು ಸಿಗುತ್ತದೆ. ಗಾಲಿ–ಗಾಳಿ? ಸೈಕಲ್ ಅಂಗಡಿ: ‘ಹಿಂದಿನ ಗಾಲಿಯ ಗಾಳಿ ಹೋಗಿದೆ.’ ಒಲೆ–ಓಲೆ? ಅಡುಗೆಮನೆ: ‘ಬಂದ ಓಲೆ ಓದುವ ಮೊದಲೇ ಒಲೆಗೆ ಬಿತ್ತು.’

ಮೂರು ಪದಗಳ ಒಂದು ಉದಾಹರಣೆಯನ್ನು ಮೊದಲಿಂದ ಕೊನೆಯವರೆಗೆ ನೋಡೋಣ: ಬೆಳೆ, ಬೆಲೆ, ಬೇಳೆ.

ಮೊದಲ ಪ್ರಯತ್ನ: ‘ಬೆಳೆ, ಬೆಲೆ ಮತ್ತು ಬೇಳೆ ರೈತನಿಗೆ ಮುಖ್ಯ.’ ಇದು ಪಟ್ಟಿ. ಪದಗಳ ಜಾಗ ಅದಲುಬದಲು ಮಾಡಿದರೂ ಅರ್ಥ ಬದಲಾಗುವುದಿಲ್ಲ, ಅಂದರೆ ಅವುಗಳ ನಡುವೆ ಸಂಬಂಧವೇ ಇಲ್ಲ.

ಎರಡನೆಯದು: ‘ಬೇಳೆಯ ಬೆಲೆ ಬೆಳೆಯಿಂದ.’ ಸಂಬಂಧ ಇದೆ, ಆದರೆ ಹೀಗೆ ಯಾರೂ ಮಾತಾಡುವುದಿಲ್ಲ. ಕೇಳಿದವರು ‘ಏನಂದಿರಿ?’ ಎನ್ನುತ್ತಾರೆ.

ಈಗ ಜಾಗ ಗೊತ್ತುಮಾಡಿ. ತೊಗರಿ ಎಂದರೆ ಕಲಬುರಗಿ. ಅಲ್ಲಿನ ಮಾರುಕಟ್ಟೆಯಲ್ಲಿ ಇಬ್ಬರು ಮಾತಾಡುತ್ತಿದ್ದಾರೆ ಎಂದುಕೊಳ್ಳಿ. ಒಬ್ಬ ಹೇಳುತ್ತಾನೆ: ‘ಈ ಸಲ ತೊಗರಿ ಬೆಳೆ ಕೈಕೊಟ್ಟಿದೆ, ಬೇಳೆ ಬೆಲೆ ಏರುತ್ತದೆ ನೋಡು.’ ಮೂರೂ ಪದ ಬಂದವು, ಒಂದು ಇನ್ನೊಂದಕ್ಕೆ ಕಾರಣವಾಗಿ ಬಂದವು, ಮತ್ತು ಇದು ಆಟ ಎಂದು ಗೊತ್ತಿಲ್ಲದವರೂ ಆಡುವ ಮಾತು. ಹಳ್ಳಿಗಳಲ್ಲಿ ಕೇಳುವ ‘ಬೆಳೆ ಬಂದಾಗ ಬೆಲೆ ಇಲ್ಲ, ಬೆಲೆ ಬಂದಾಗ ಬೆಳೆ ಇಲ್ಲ’ ಎಂಬ ಮಾತಿನ ಬಲವೂ ಅಲ್ಲೇ ಇದೆ. ಈ ಆಟದ ಅತ್ಯುತ್ತಮ ವಾಕ್ಯಗಳು ನೋವಿನಿಂದಲೋ ಅವಸರದಿಂದಲೋ ಜನ ನಿಜವಾಗಿ ಆಡುವ ಮಾತಿನ ಹತ್ತಿರ ಇರುತ್ತವೆ.

ಕ್ರಿಯಾಪದ ಕೊನೆಗೆ ಬರಲಿ. ಜೋಡಿಯ ಎರಡನೇ ಪದ ಕ್ರಿಯಾಪದಕ್ಕೆ ಅಂಟಿಕೊಂಡಿದ್ದರೆ ವಾಕ್ಯ ಮುಗಿಯುವಾಗ ಕಿವಿಗೆ ಹಿಡಿಸುತ್ತದೆ. ಏಳೆಂಟು ಪದ ಸಾಕು.

## ಹಂತ 6: ಸುತ್ತು ನಡೆಸುವುದು

ಚೀಟಿಗಳನ್ನು ಕಲೆಸುವಾಗ ಜೋಡಿಗಳನ್ನು ಬೇರೆ ಮಾಡಬೇಡಿ, ಪ್ರತಿ ಜೋಡಿಗೆ ರಬ್ಬರ್ ಬ್ಯಾಂಡ್ ಹಾಕಿ. ಒಬ್ಬರು ಒಂದು ಜೋಡಿ ಎತ್ತುತ್ತಾರೆ, ಎಲ್ಲರಿಗೂ ತೋರಿಸದೆ ತಾವೇ ನೋಡುತ್ತಾರೆ. 60 ಸೆಕೆಂಡು ಯೋಚನೆ. ನಂತರ ವಾಕ್ಯವನ್ನು ಒಂದೇ ಸಲ, ಮಾಮೂಲಿ ವೇಗದಲ್ಲಿ ಹೇಳಬೇಕು.

ಬಲಗಡೆ ಕೂತವರು ಕೇಳುಗರು. ಅವರು ಚೀಟಿ ನೋಡಿಲ್ಲ. ಜೋಡಿ ಯಾವುದು, ಒಂದೊಂದರ ಅರ್ಥ ಏನು ಎಂದು ಅವರು ಹೇಳಬೇಕು. ಸರಿಯಾದರೆ ಹೇಳಿದವರಿಗೆ 2 ಅಂಕ, ಕೇಳಿದವರಿಗೆ 1. ‘ಇದನ್ನು ನಿಜವಾಗಿ ಯಾರಾದರೂ ಆಡುತ್ತಾರೆ’ ಎಂದು ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೈ ಎತ್ತಿದರೆ ಇನ್ನೊಂದು ಅಂಕ. ಕೇಳುಗರಿಗೆ ಅಂಕ ಕೊಡುವುದನ್ನು ಬಿಡಬೇಡಿ. ಅದಿಲ್ಲದಿದ್ದರೆ ಯಾರೂ ಇನ್ನೊಬ್ಬರ ವಾಕ್ಯಕ್ಕೆ ಕಿವಿಗೊಡುವುದಿಲ್ಲ, ಎಲ್ಲರೂ ತಮ್ಮದನ್ನೇ ಯೋಚಿಸುತ್ತಿರುತ್ತಾರೆ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಆಡುವುದಾದರೆ ಧ್ವನಿ ಸಂದೇಶದಲ್ಲೇ ಆಡಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಕೀಲಿಮಣೆಯಲ್ಲಿ ‘ಹಾಳು’ ಬರೆಯಹೊರಟರೆ ಸಲಹೆಯಲ್ಲಿ ‘ಹಾಲು’ ಬಂದು ಕೂರಬಹುದು, ಆಗ ಹೇಳಿದವರದು ತಪ್ಪೋ ಫೋನಿನದೋ ಎಂಬ ಜಗಳ ಶುರುವಾಗುತ್ತದೆ.

## ಆಟ ಹಳಿ ತಪ್ಪುತ್ತಿರುವ ಲಕ್ಷಣಗಳು

‘ಎಂಬ’ ಕಾಣಿಸಿಕೊಂಡರೆ. ‘ಹುಳಿ ಎಂಬ ಹುಲಿ’, ‘ಕಳೆ ಎಂಬ ಊರು’. ಹೆಸರಿಟ್ಟು ಪಾರಾಗುವ ದಾರಿ ಇದು. ಅಂಕಿತನಾಮ ಸಲ್ಲದು ಎಂದು ಮೊದಲೇ ಹೇಳಿ. ಮಲ್ಲಿಯಂಥ ಬಳಕೆಯ ಹೆಸರಿಗೆ ಗುಂಪು ಒಪ್ಪಿದರೆ ಮಾತ್ರ ವಿನಾಯಿತಿ.

ಒಂದೇ ಪದ ಎರಡು ಸಲ ಅಕ್ಕಪಕ್ಕ ಬಂದರೆ. ಕನ್ನಡದಲ್ಲಿ ದ್ವಿರುಕ್ತಿ ಎಷ್ಟು ಸಹಜ ಎಂದರೆ ‘ಬೇಡ ಬೇಡ ಎಂದ’ ಎಂಬುದನ್ನು ಕೇಳಿದ ಯಾರಿಗೂ ಬೇಟೆಗಾರ ನೆನಪಾಗುವುದಿಲ್ಲ. ಒತ್ತಿ ಹೇಳಿದ ನಿರಾಕರಣೆ ಎಂದೇ ತಿಳಿಯುತ್ತಾರೆ. ನಡುವೆ ಒಂದು ಪದ ಇಡಿ: ‘ಬೇಡ ಬಲೆ ಬೇಡ ಎಂದ, ಬಿಲ್ಲು ಸಾಕು ಎಂದ.’ ಇಲ್ಲವೇ ಒಂದಕ್ಕೆ ಪ್ರತ್ಯಯ ಹಚ್ಚಿ: ‘ಹತ್ತು ಜನ ಒಂದೇ ಏಣಿ ಹತ್ತಿದರು’, ‘ಬೆಳದಿಂಗಳಲ್ಲಿ ಹೊಳೆ ಹೊಳೆಯುತ್ತಿದೆ’, ‘ಮಳೆಯಲ್ಲಿ ನೆನೆದದ್ದನ್ನು ನೆನೆದು ನಕ್ಕಳು’. ‘ಏಳು ಗಂಟೆಗೆ ಏಳು’ ಎಂಬುದಕ್ಕೆ ಈ ತೊಂದರೆ ಇಲ್ಲ, ‘ಗಂಟೆಗೆ’ ನಡುವೆ ನಿಂತಿದೆ.

ಹೇಳಿದ ಮೇಲೆ ವಿವರಣೆ ಬಂದರೆ. ‘ಅಂದರೆ ಇಲ್ಲಿ ಕಳೆ ಎಂದರೆ…’ ಎಂದು ಶುರುಮಾಡಿದರೆ ಆ ಸುತ್ತಿಗೆ ಅಂಕವಿಲ್ಲ. ತಪ್ಪು ಸಾಮಾನ್ಯವಾಗಿ ಐದನೇ ಹಂತದಲ್ಲಿ ಆಗಿರುತ್ತದೆ. ಜಾಗ ಹುಡುಕದೆ ವಾಕ್ಯ ಕಟ್ಟಿದ್ದಾರೆ.

ಎಲ್ಲರೂ ನಾಲಿಗೆ ತೊಡರುವ ಸಾಲು ಹೆಣೆಯತೊಡಗಿದರೆ. ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯುತ್ತಿತ್ತು’ ಎಂಬುದು ಹೇಳುವವರು ಎಡವಲಿ ಎಂದೇ ಮಾಡಿದ್ದು. ನಮ್ಮ ಆಟದಲ್ಲಿ ಹೇಳುವವರು ಎಡವಬಾರದು, ಕೇಳುವವರು ಅರೆಕ್ಷಣ ನಿಂತು ಆಮೇಲೆ ಹಿಡಿಯಬೇಕು. ಒಂದು ವಾಕ್ಯದಲ್ಲಿ ಒಂದೇ ಥರದ ಪದ ಮೂರಕ್ಕಿಂತ ಹೆಚ್ಚಾದರೆ ಆಟ ಆ ಕಡೆ ಜಾರುತ್ತಿದೆ ಎಂದೇ ಅರ್ಥ.

ಒಬ್ಬರೇ ಗೆಲ್ಲುತ್ತಿದ್ದರೆ. ಅವರಿಗೆ ಮೂರು ಪದದ ಚೀಟಿ ಕೊಡಿ, ಉಳಿದವರಿಗೆ ಎರಡೇ ಇರಲಿ. ಬೆಳೆ–ಬೆಲೆ–ಬೇಳೆ ಜೊತೆಗೆ ಬಲೆ–ಬಳೆ–ಬಾಳೆ, ಕಲ್ಲು–ಕಳ್ಳು–ಕಳ್ಳ ಇವೂ ಪೆಟ್ಟಿಗೆಯಲ್ಲಿರಲಿ. ಮೂರು ಪದಕ್ಕೆ 60 ಸೆಕೆಂಡು ಸಾಲದು, 90 ಕೊಡಿ.

## ನೋಟುಪುಸ್ತಕ

ಪ್ರತಿ ಆಟದ ಕೊನೆಗೆ ಮೂರು ಅಂಕ ಪಡೆದ ವಾಕ್ಯಗಳನ್ನು ಬರೆದಿಡಿ, ಪಕ್ಕದಲ್ಲಿ ಯಾವ ಬಗೆಯ ಜೋಡಿ ಎಂದು ಗುರುತು ಹಾಕಿ. ಒಂದು ಜೋಡಿಗೆ ಮೂರು ಒಳ್ಳೆಯ ವಾಕ್ಯ ಬಂದಮೇಲೆ ಅದರ ಚೀಟಿ ತೆಗೆದು ಹೊಸದು ಹಾಕಿ. ಇಲ್ಲವಾದರೆ ನಾಲ್ಕನೇ ಸಲ ಜನ ಹಳೆಯದನ್ನೇ ಒಪ್ಪಿಸುತ್ತಾರೆ. ಯಾರಿಂದಲೂ ವಾಕ್ಯ ಬರದ ಜೋಡಿಯನ್ನು ಎರಡು ಸಲ ನೋಡಿ, ಮೂರನೆಯ ಸಲವೂ ಬರದಿದ್ದರೆ ಲಕೋಟೆಗೆ ಹಾಕಿ. ಕೋನ–ಕೋಣದ ಹಾಗೆ ಒಂದು ಲೆಕ್ಕದ ಪುಸ್ತಕದಲ್ಲಿ, ಇನ್ನೊಂದು ಕೆಸರಿನಲ್ಲಿ ಇರುವ ಜೋಡಿಗಳು ಹೆಚ್ಚಾಗಿ ಅಲ್ಲಿಗೇ ಹೋಗುತ್ತವೆ. ಆದರೂ ಎಸೆಯಬೇಡಿ, ಲಕೋಟೆಯಲ್ಲೇ ಇರಲಿ. ವಾಕ್ಯ ಹೊಳೆದವರು ಯಾವಾಗ ಬೇಕಾದರೂ ಅದನ್ನು ತೆಗೆದು ಪೆಟ್ಟಿಗೆಗೆ ಮರಳಿಸಬಹುದು.